ಬೂದಿಯಲ್ಲಿ ಉಳಿದ ಬೇಸಾಯ

ಬೆಂಗಳೂರಿನ ಕತ್ರಿಗುಪ್ಪೆಯ ಬಹುತೇಕ ಮನೆಗಳ ಅಡುಗೆಕಟ್ಟೆ ಕಪ್ಪು ಕಲ್ಲಿನದು. ಅಂಗಡಿಯವರು ಅದನ್ನು ‘ಬ್ಲ್ಯಾಕ್ ಗ್ರಾನೈಟ್’ ಎಂದು ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ಚಾಮರಾಜನಗರದಂಥ ಕಡೆಯ ಕ್ವಾರಿಗಳಿಂದ ಬರುವ ಈ ಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಡಾಲರೈಟ್. ನೂರಾರು ಕೋಟಿ ವರ್ಷಗಳ ಹಿಂದೆ ನೆಲದಾಳದ ಶಿಲಾರಸ ಹಳೆಯ ಬಂಡೆಗಳ ಬಿರುಕಿಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿದ್ದರಿಂದ ಆದದ್ದು. ಲಾಲ್‌ಬಾಗಿನ ಗುಡ್ಡ, ಬಸವನಗುಡಿಯ ಬ್ಯೂಗಲ್ ರಾಕ್ ಎಲ್ಲವೂ ಇನ್ನೂ ಹಳೆಯದಾದ ನೈಸ್ ಬಂಡೆಗಳು. ಬೆಂಗಳೂರು ಸುತ್ತಿನ ಇಂಥ ಬಂಡೆಗಳ ನಡುವೆ ಡಾಲರೈಟಿನ ಕಪ್ಪು ಗೋಡೆಗಳು ಪೂರ್ವ ಪಶ್ಚಿಮವಾಗಿ ಹಾದುಹೋಗಿವೆ. ಒಳಗೆ ಹರಳುಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ಏಟು ತಿಂದರೂ ಈ ಕಲ್ಲು ಸುಲಭಕ್ಕೆ ಒಡೆಯುವುದಿಲ್ಲ. ಉಜ್ಜಿದಷ್ಟೂ ನುಣುಪಾಗುತ್ತದೆ, ಹಾಕಿದ ಅಂಚು ಉಳಿಯುತ್ತದೆ.

ಈ ಗುಣಗಳನ್ನು ಕನ್ನಡ ನಾಡಿನಲ್ಲಿ ಮೊದಲು ಕಂಡುಕೊಂಡು ಬದುಕಿಗೆ ಬಳಸಿದವರು ಇಲ್ಲಿನ ಮೊದಲ ರೈತರು. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದ ಬಳ್ಳಾರಿಯ ಅಂಚಿನಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲು ಊರುಗಳ ನಡುವೆ ಬಂಡೆಗುಡ್ಡಗಳ ಒಂದು ಗುಂಪಿದೆ. ಹಿರೇಗುಡ್ಡ, ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ ಎಂದು ಊರವರು ಕರೆಯುತ್ತಾರೆ. ಹಿರೇಗುಡ್ಡದ ಗ್ರಾನೈಟಿನ ನಡುವೆಯೂ ಡಾಲರೈಟಿನ ಕಪ್ಪು ಪಟ್ಟಿಯೊಂದು ಹಾದಿದೆ. ಕ್ರಿ.ಪೂ. 2ನೇ ಸಹಸ್ರಮಾನದಲ್ಲಿ ಅಲ್ಲಿ ನಡೆದದ್ದನ್ನು ಕೈಗಾರಿಕೆ ಎಂದೇ ಕರೆಯಬೇಕು.

ಗುಡ್ಡದ ಮೇಲೆ ಕಾಲಿಟ್ಟಲ್ಲೆಲ್ಲ ಕಪ್ಪು ಚಕ್ಕೆಗಳು. ಒಂದೊಂದು ಚಕ್ಕೆಯೂ ಕೊಡಲಿ ಮಾಡುವಾಗ ಹಾರಿದ್ದು. ಕೆಲಸ ಹಂತಹಂತವಾಗಿ ಸಾಗುತ್ತಿತ್ತು. ಮೊದಲು ಕಪ್ಪು ಪಟ್ಟಿಯಿಂದ ಹದವಾದ ತುಂಡು ಬಿಡಿಸಬೇಕು. ಅದನ್ನು ಇನ್ನೊಂದು ಗಟ್ಟಿ ಕಲ್ಲಿನಿಂದ ಹೊಡೆದು, ಎರಡೂ ಮಗ್ಗುಲಿನಿಂದ ಚಕ್ಕೆ ತೆಗೆಯುತ್ತಾ, ಒಂದು ತುದಿ ಅಗಲ, ಇನ್ನೊಂದು ತುದಿ ಮೊನಚು ಬರುವಂತೆ ಒರಟು ಆಕಾರಕ್ಕೆ ತರಬೇಕು. ಆಮೇಲೆ ಉಬ್ಬುತಗ್ಗುಗಳನ್ನು ಸಣ್ಣ ಸಣ್ಣ ಏಟಿನಿಂದ ಕುಟ್ಟಿ ಸಮ ಮಾಡಬೇಕು. ಕೊನೆಗೆ ನೀರು, ಮರಳು ಹಾಕಿ ಗ್ರಾನೈಟ್ ಬಂಡೆಯ ಮೇಲೆ ತಿಕ್ಕಬೇಕು. ಹಾಗೆ ತಿಕ್ಕಿ ತಿಕ್ಕಿ ಬಂಡೆಗಳ ಮೇಲೆ ಬಿದ್ದ ಉದ್ದನೆಯ ನುಣುಪು ಗುಳಿಗಳು ಈಗಲೂ ಇವೆ. ಬೆರಳಾಡಿಸಿದರೆ ಗುಳಿಯ ಒಳಮೈ ಗಾಜಿನಂತೆ ಜಾರುತ್ತದೆ, ಅಂಚು ದಾಟಿದ ಕೂಡಲೇ ಗ್ರಾನೈಟಿನ ತರಿ ಕೈಗೆ ಸಿಗುತ್ತದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಈ ಗುಡ್ಡಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇಲ್ಲಿ ಕೊಡಲಿ ತಯಾರಿಕೆ ಉತ್ತುಂಗಕ್ಕೇರಿದ್ದು ಸುಮಾರು ಕ್ರಿ.ಪೂ. 1400ರ ನಂತರ ಎಂಬುದು ಅವರ ಲೆಕ್ಕ. ಬಿದ್ದಿರುವ ಚಕ್ಕೆಗಳ ರಾಶಿ ಒಂದು ಊರಿನ ಅಗತ್ಯವನ್ನು ಮೀರಿದ್ದು. ಇಲ್ಲಿ ತಯಾರಾದ ಕೊಡಲಿ ಹೊರಗಿನ ಊರುಗಳಿಗೂ ಹೋಗುತ್ತಿತ್ತು ಎಂದೇ ಇದರ ಅರ್ಥ. ಕಾಡು ಕಡಿಯಲು, ಕಂಬ ಕೆತ್ತಲು, ದನದ ದೊಡ್ಡಿಗೆ ಬೇಲಿ ಹಾಕಲು ಎಲ್ಲಕ್ಕೂ ಕೊಡಲಿ ಬೇಕಿದ್ದ ಕಾಲ ಅದು.

ಅದೇ ಹಿರೇಗುಡ್ಡದ ಕಪ್ಪು ಬಂಡೆಗಳ ಮೈಮೇಲೆ ಇಣಿಯುಳ್ಳ, ಉದ್ದ ಕೊಂಬಿನ ಎತ್ತುಗಳ ಚಿತ್ರಗಳಿವೆ. ಬಣ್ಣದವಲ್ಲ, ಕಲ್ಲಿನಿಂದ ಕುಟ್ಟಿ ಮೂಡಿಸಿದವು. 1892ರಲ್ಲೇ ಎಫ್. ಫಾಸೆಟ್ ಇವುಗಳ ಬಗ್ಗೆ ಬರೆದಿದ್ದ. ಕೆಲವು ಬಂಡೆಗಳಲ್ಲಿ ಚಿತ್ರದ ಜೊತೆಗೆ ಬಟ್ಟಲಿನಂಥ ತಗ್ಗುಗಳೂ ಇವೆ. ಆ ತಗ್ಗಿಗೆ ಕಲ್ಲಿನಿಂದ ಬಡಿದರೆ ಬಂಡೆ ಗಂಟೆಯ ಹಾಗೆ ನಾದ ಕೊಡುತ್ತದೆ. ಪೀಳಿಗೆಗಳ ಕಾಲ ಬಡಿದೇ ಆ ತಗ್ಗುಗಳಾಗಿವೆ. 2004ರಲ್ಲಿ ಬೋವಿನ್ ಈ ನಾದಶಿಲೆಗಳ ಕುರಿತು ಪ್ರಬಂಧ ಪ್ರಕಟಿಸಿದಾಗ ಜಗತ್ತಿನ ಪತ್ರಿಕೆಗಳು ಕಪ್ಪಗಲ್ಲಿನ ಹೆಸರು ಬರೆದವು. ಕೊಡಲಿ ಮಾಡಿದ ಕಲ್ಲು, ಎತ್ತಿನ ಚಿತ್ರ ಕುಟ್ಟಿದ ಕಲ್ಲು, ನಾದ ಹೊರಡಿಸಿದ ಕಲ್ಲು ಮೂರೂ ಒಂದೇ.

ಈ ಮೊದಲ ರೈತರ ಕಾಲವಾದ ನವಶಿಲಾಯುಗ ಎಂದರೆ ಗುಹೆಯಲ್ಲಿ ಮುದುಡಿ ಕೂತ ಒರಟು ಜನರ ಚಿತ್ರ ಹಲವರ ಮನಸ್ಸಿಗೆ ಬರುತ್ತದೆ. ಅಗೆದು ನೋಡಿದ್ದು ಬೇರೆಯೇ ಹೇಳುತ್ತದೆ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಕೆ.ಸಿ. ಮಲ್ಹೋತ್ರಾ ಅವರೊಂದಿಗೆ ಉತ್ಖನನ ನಡೆಸಿದಾಗ ಗುಡ್ಡದ ಇಳಿಜಾರಿನಲ್ಲಿ ದುಂಡು ಮನೆಗಳ ನೆಲಗಟ್ಟು ಸಿಕ್ಕಿತು. ಬಂಡೆಯ ಮೇಲೆ ಕಲ್ಲು ಜೋಡಿಸಿ ನೆಲ ಮಟ್ಟ ಮಾಡಿ, ಸುತ್ತ ಕಂಬ ನೆಟ್ಟು, ತಡಿಕೆ ಹೆಣೆದು ಮಣ್ಣು ಮೆತ್ತಿದ ಮನೆಗಳು. ಒಳಗೆ ಒಲೆ, ಕಾಳು ಅರೆಯುವ ಕಲ್ಲು, ಧಾನ್ಯ ತುಂಬುವ ಗಡಿಗೆ. ಪಾತ್ರೆಗಳನ್ನು ಚಕ್ರದ ಮೇಲಲ್ಲ, ಕೈಯಿಂದಲೇ ಮಾಡಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಬೂದು, ಕಂದು ಬಣ್ಣದ ಈ ಮಡಕೆಗಳಲ್ಲಿ ಮೂತಿಯುಳ್ಳವೂ ಇವೆ, ಮೈತುಂಬ ತೂತಿರುವ ಸೋಸುವ ಪಾತ್ರೆಗಳೂ ಇವೆ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಎಂ. ಶೇಷಾದ್ರಿ ಅವರು ನಡೆಸಿದ ಉತ್ಖನನದಲ್ಲಿ ಸುಟ್ಟ ಮಣ್ಣಿನ ತಲೆದಿಂಬೇ ಸಿಕ್ಕಿತು. ಮಲಗುವಾಗ ಕತ್ತಿಗೆ ಆಸರೆಯಾಗುವಂತೆ ಮಾಡಿದ ಒಂದು ವಸ್ತು ಇಷ್ಟು ಸಾವಿರ ವರ್ಷ ಉಳಿದು ಬಂದಿದೆ ಎಂಬುದು ನನಗೆ ಯಾವ ಅರಮನೆಯ ಸಿಂಹಾಸನಕ್ಕಿಂತಲೂ ಹೆಚ್ಚಿನದು.

ತೀರಿಕೊಂಡ ಎಳೆಮಕ್ಕಳನ್ನು ಅವರು ದೂರ ಒಯ್ಯುತ್ತಿರಲಿಲ್ಲ. ಮಡಕೆಯಲ್ಲಿಟ್ಟು ಮನೆಯ ನೆಲದಡಿಯೇ ಹೂಳುತ್ತಿದ್ದರು. ಅದರ ಮೇಲೆಯೇ ಸಂಸಾರ ನಡೆಯುತ್ತಿತ್ತು.

ಇವರ ಕಾಲ ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗಲು ಬಹಳ ಹೊತ್ತು ಹಿಡಿಯಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಶೋಕನ ಶಾಸನಕ್ಕೆ ಹೆಸರಾದ ಊರು. ಅಲ್ಲಿ 1940ರ ಸುಮಾರಿಗೆ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಪದರಪದರವಾಗಿ ಅಗೆದ. ನಯಗೊಳಿಸಿದ ಕಲ್ಲುಕೊಡಲಿಯ ಪದರ ಕೆಳಗೆ, ಬೃಹತ್‌ಶಿಲಾ ಸಮಾಧಿಗಳದ್ದು ಅದರ ಮೇಲೆ ಎಂಬ ಕ್ರಮ ಆಗ ಖಚಿತವಾಯಿತು. ಆದರೆ ವೀಲರ್ ಕೊಡಲಿಯ ಜನರನ್ನು ಕ್ರಿ.ಪೂ. 1ನೇ ಸಹಸ್ರಮಾನಕ್ಕೆ ತಂದು ನಿಲ್ಲಿಸಿದ್ದ. ರೇಡಿಯೊ ಕಾರ್ಬನ್ ಪರೀಕ್ಷೆ ಬಂದ ಮೇಲೆ ಆ ಲೆಕ್ಕ ಬಿದ್ದುಹೋಯಿತು. ದಕ್ಷಿಣದ ನವಶಿಲಾಯುಗದ ಆರಂಭ ಕ್ರಿ.ಪೂ. 3000ದ ಆಸುಪಾಸಿಗೆ ಹೋಯಿತು. ಸಿಂಧೂ ಬಯಲಿನ ನಗರಗಳು ಬೆಳೆಯುತ್ತಿದ್ದಾಗ ತುಂಗಭದ್ರೆ, ಕೃಷ್ಣೆಯರ ನಡುವಣ ಒಣನೆಲದಲ್ಲಿ ದನ ಕಾಯುವವರ ಹಟ್ಟಿಗಳು ಎದ್ದಿದ್ದವು.

ಆ ಹಟ್ಟಿಗಳ ಗುರುತೇ ಬೂದಿದಿಬ್ಬಗಳು. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳು ಮತ್ತು ಗಡಿಯಾಚೆಯ ಅನಂತಪುರ, ಕರ್ನೂಲು, ಮಹಬೂಬ್‌ನಗರದ ಸುತ್ತ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ದಾಖಲಾಗಿವೆ. ಕೆಲವು ಮಗ್ಗುಲಿನ ಹೊಲಕ್ಕಿಂತ ಸ್ವಲ್ಪ ಎತ್ತರ, ಕೆಲವು ಎರಡು ಮೂರು ಆಳೆತ್ತರ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ದಿಬ್ಬ ರಸ್ತೆಯ ಬದಿಯಲ್ಲೇ ಕಾಣುತ್ತದೆ. ಒಳಗೆ ಸಡಿಲವಾದ ನರೆ ಬೂದಿ, ನಡುನಡುವೆ ಕುಲುಮೆಯ ಕಿಟ್ಟದ ಹಾಗೆ ಕರಗಿ ಗಟ್ಟಿಯಾದ ಪದರ. ಈ ಕಿಟ್ಟವೇ 19ನೇ ಶತಮಾನದ ವಿದ್ವಾಂಸರ ದಾರಿ ತಪ್ಪಿಸಿದ್ದು. ಜ್ವಾಲಾಮುಖಿ ಎಂದವರಿದ್ದರು, ಕಬ್ಬಿಣದ ಕುಲುಮೆ ಎಂದವರಿದ್ದರು, ಸಾಮೂಹಿಕ ಶವದಹನ ಎಂದವರೂ ಇದ್ದರು. ಊರವರು ಪುರಾಣದ ಮೊರೆ ಹೋದರು: ಹಂಪಿಯ ಬಳಿ ನಿಂಬಾಪುರದ ದಿಬ್ಬ ವಾಲಿಯ ಚಿತೆಯ ಬೂದಿ ಎಂಬ ನಂಬಿಕೆ ಇಂದಿಗೂ ಇದೆ.

ದಾರಿಗೆ ಹತ್ತಿರ ಬಂದವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯಲ್ಲಿದ್ದ ಈತ ಬಳ್ಳಾರಿ ಸೀಮೆಯನ್ನು ಸುತ್ತಿ ನೂರಾರು ಕಲ್ಲುಕೊಡಲಿಗಳನ್ನು ಕೂಡಿಹಾಕಿದವನು. ದಿಬ್ಬಗಳಲ್ಲಿರುವುದು ಸುಟ್ಟ ಸಗಣಿ ಎಂದು ಅವನು ಊಹಿಸಿದ್ದ. ಅದನ್ನು ಸಾಬೀತು ಮಾಡಿದ್ದು ಪುರಾತತ್ವಜ್ಞ ರೇಮಂಡ್ ಆಲ್ಚಿನ್. 1957ರಲ್ಲಿ ಅವರು ಉಟ್ನೂರಿನ ದಿಬ್ಬವನ್ನು (ಈಗ ಅದು ತೆಲಂಗಾಣದಲ್ಲಿದೆ) ಕತ್ತರಿಸಿ ನೋಡಿದಾಗ ನೆಟ್ಟ ಕಂಬಗಳ ಗುಳಿಗಳು ಸಾಲಾಗಿ ಕಂಡವು. ದನದ ದೊಡ್ಡಿಯ ಬೇಲಿ. ಎರಡು ಬೂದಿ ಪದರಗಳ ನಡುವೆ ದನಗಳ ಗೊರಸಿನ ಅಚ್ಚುಗಳೂ ಇದ್ದವು; ಮೆತ್ತನೆಯ ನೆಲದಲ್ಲಿ ಮೂಡಿ, ಮೇಲೆ ಬೂದಿ ಮುಚ್ಚಿಕೊಂಡು ಹಾಗೆಯೇ ಉಳಿದವು. ಕುಡತಿನಿಯ ಮಾದರಿಯನ್ನು ಪರೀಕ್ಷಿಸಿದ ಎಫ್.ಇ. ಝಾಯ್ನರ್ ಅದು ಹೆಚ್ಚಿನ ಶಾಖಕ್ಕೆ ಕರಗಿದ ದನದ ಸಗಣಿ ಎಂದು ತೋರಿಸಿದ. ದೊಡ್ಡಿಯಲ್ಲಿ ವರ್ಷಗಟ್ಟಲೆ ಸಗಣಿ ಬೆಳೆಯುತ್ತದೆ, ಬೆಂಕಿ ಹಚ್ಚುತ್ತಾರೆ, ಅದೇ ಜಾಗದಲ್ಲಿ ಮತ್ತೆ ದೊಡ್ಡಿ ಕಟ್ಟುತ್ತಾರೆ. ಹೀಗೆ ದಿಬ್ಬ ಏರಿತು.

ಗೊಬ್ಬರವಾಗಬಹುದಾದ ಸಗಣಿಯನ್ನು ಬೆಂಕಿಗೆ ಏಕೆ ಕೊಟ್ಟರು? ವಿದ್ವಾಂಸರ ನಡುವೆ ಚರ್ಚೆ ಇನ್ನೂ ಜೀವಂತವಾಗಿದೆ. ಆಲ್ಚಿನ್ ಪ್ರಕಾರ ಇವು ದನ ಮೇಯಿಸಲು ಋತುಮಾನಕ್ಕೆ ಹಾಕುವ ಬಿಡಾರಗಳು, ಬೆಂಕಿ ಹಬ್ಬದ ಬೆಂಕಿ. ಹೋಳಿ, ಪೊಂಗಲ್‌ಗಳ ಬೆಂಕಿಯಲ್ಲಿ ಅದರ ನೆನಪಿದೆ ಎಂದರು. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಅರಿಸಿನ ಹಚ್ಚಿ, ಕೊಂಬು ಸಿಂಗರಿಸಿ, ಹುಲ್ಲಿನ ಬೆಂಕಿಯ ಮೇಲೆ ಕಿಚ್ಚು ಹಾಯಿಸುವುದು ಎಲ್ಲರಿಗೂ ಗೊತ್ತು. ಬೆಂಗಳೂರಿನೊಳಗೆ ಸೇರಿಹೋದ ಹಲವು ಹಳ್ಳಿಗಳಲ್ಲಿ ಈಗಲೂ ಡಾಂಬರು ರಸ್ತೆಯ ಮೇಲೆಯೇ ಹುಲ್ಲು ಹಾಸಿ ಕಿಚ್ಚು ಹಾಯಿಸುತ್ತಾರೆ. ಐದು ಸಾವಿರ ವರ್ಷ ಕೊಂಡಿ ಕಳಚದೆ ಬಂದ ಆಚರಣೆ ಎಂದು ಹೇಳಲು ಪುರಾವೆ ಸಾಲದು, ಹಾಗೆ ಹೇಳುವವರನ್ನು ನಾನು ಒಪ್ಪುವುದೂ ಇಲ್ಲ. ಆದರೆ ದನ ಮತ್ತು ಬೆಂಕಿಯನ್ನು ಒಟ್ಟಿಗೆ ಕಾಣುವ ಮನಸ್ಸು ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ದಿಬ್ಬಗಳೇ ಸಾಕ್ಷಿ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇನ್ನೊಂದು ಚಿತ್ರ ಕೊಟ್ಟರು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ 1990ರ ದಶಕದಲ್ಲಿ ಅವರು ದಿಬ್ಬವನ್ನಷ್ಟೇ ಅಗೆಯಲಿಲ್ಲ, ಅದರ ಸುತ್ತಲಿನ ಜಾಗವನ್ನೂ ವಿಸ್ತಾರವಾಗಿ ತೆರೆದರು. ದೊಡ್ಡಿಯ ಪಕ್ಕದಲ್ಲಿ ಮನೆಗಳಿದ್ದವು, ಮಕ್ಕಳ ಸಮಾಧಿಗಳಿದ್ದವು, ಕಲ್ಲಿನ ಅಲಗು ತಯಾರಿಸುವ ಜಾಗವಿತ್ತು, ದನ ಕಡಿದು ಮಾಂಸ ಹಂಚುತ್ತಿದ್ದ ವಿಶಾಲ ನೆಲವಿತ್ತು. ಬಂದು ಹೋಗುವ ಬಿಡಾರಕ್ಕೆ ಇಷ್ಟೆಲ್ಲ ಬೇಕಿಲ್ಲ, ಇದು ಊರು ಎಂಬುದು ಪದ್ದಯ್ಯ ಅವರ ವಾದ. ನನಗೂ ಇದೇ ಸರಿ ಎನಿಸುತ್ತದೆ. ಎಲ್ಲ ದಿಬ್ಬಗಳೂ ಒಂದೇ ಬಗೆಯವಾಗಿರಬೇಕೆಂದೂ ಇಲ್ಲ.

ದನ ಸಾಕಿದವರು ಉಂಡದ್ದೇನು? ಕತ್ರಿಗುಪ್ಪೆ ಮುಖ್ಯರಸ್ತೆಯ ಆಸುಪಾಸಿನ ಯಾವುದಾದರೂ ಸಿರಿಧಾನ್ಯದ ಅಂಗಡಿಗೆ ಹೋಗಿ. ನವಣೆ, ಸಾಮೆ, ಊದಲು, ಹಾರಕಗಳ ಸಾಲಿನಲ್ಲಿ ಕೊರಲೆಯ ಪೊಟ್ಟಣವೂ ಇರುತ್ತದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು ಕೊಳ್ಳುವವರೇ ಹೆಚ್ಚು. ಪಾವಗಡ, ಮಧುಗಿರಿ, ಶಿರಾ ಕಡೆಯ ರೈತರು ಬಿಡದೆ ಉಳಿಸಿಕೊಂಡು ಬಂದ ಬೆಳೆ ಇದು. ಮಳೆ ಕಡಿಮೆಯಾದರೂ, ಹುಣಸೆ ಮರದ ನೆರಳಲ್ಲಿ ಬಿತ್ತಿದರೂ ಬರುತ್ತದೆ. ದಕ್ಷಿಣದ ನವಶಿಲಾಯುಗದ ಮುಖ್ಯ ಧಾನ್ಯ ಇದೇ ಕೊರಲೆ.

ಇದು ಗೊತ್ತಾದ ಬಗೆ ಬಹಳ ಸರಳ. ಹಳೆಯ ಒಲೆ, ಕಸದಗುಂಡಿಗಳ ಮಣ್ಣನ್ನು ಬಕೆಟ್ಟಿನ ನೀರಿಗೆ ಹಾಕಿ ಮೆಲ್ಲಗೆ ಕಲಕುತ್ತಾರೆ. ಮಣ್ಣು ತಳಕ್ಕಿಳಿಯುತ್ತದೆ, ಇದ್ದಿಲಾದ ಕಾಳು ಮೇಲೆ ತೇಲುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಅದನ್ನು ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಹೊಟ್ಟಿನ ಗೆರೆ, ಮೊಳಕೆಯ ಗುಳಿ, ಉದ್ದಗಲ ನೋಡಿ ಗುರುತು ಹಿಡಿಯುತ್ತಾರೆ. ಹಸಿಕಾಳು ಎಂದೋ ಕೊಳೆತು ಹೋಗಿದೆ. ಅಡುಗೆಯವಳ ಕೈತಪ್ಪಿ ಒಲೆಗೆ ಬಿದ್ದು ಸೀದದ್ದು ಮಾತ್ರ ನಮಗೆ ದಕ್ಕಿದೆ. ಫುಲ್ಲರ್, ಕೋರಿಶೆಟ್ಟರ್, ಪಿ.ಸಿ. ವೆಂಕಟಸುಬ್ಬಯ್ಯ ಮತ್ತು ಮಾರ್ಟಿನ್ ಜೋನ್ಸ್ ಹೀಗೆ ಸಂಗನಕಲ್ಲು, ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ತೊಳೆದು 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮತ್ತೆ ಮತ್ತೆ ಕಾಣಿಸಿಕೊಂಡವು ನಾಲ್ಕು: ಕೊರಲೆ, ನವಣೆಯ ಹತ್ತಿರದ ಬಂಧುವಾದ ಇನ್ನೊಂದು ಸಣ್ಣ ಧಾನ್ಯ, ಹುರುಳಿ, ಹೆಸರು.

ಈ ನಾಲ್ಕರ ಕಾಡುಸಸ್ಯಗಳೂ ಪರ್ಯಾಯ ದ್ವೀಪದ ಒಣ ಹುಲ್ಲುಗಾವಲು, ಕುರುಚಲು ಕಾಡು, ಪಶ್ಚಿಮಘಟ್ಟದ ಅಂಚಿನಲ್ಲೇ ಇವೆ. ಬೇಸಾಯ ಎಂಬುದು ಪಶ್ಚಿಮ ಏಷ್ಯಾದಲ್ಲಿ ಗೋಧಿ, ಬಾರ್ಲಿಯೊಂದಿಗೆ ಹುಟ್ಟಿ, ಸಿಂಧೂ ಬಯಲಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಇಳಿಯಿತು ಎಂಬ ಹಳೆಯ ಪಾಠವನ್ನು ಒಂದು ಹಿಡಿ ಸೀದ ಕಾಳು ಅಲುಗಾಡಿಸಿತು. ಗೋಧಿ, ಬಾರ್ಲಿ ಇಲ್ಲಿಗೂ ಬಂದವು, ಕೆಲವು ನೆಲೆಗಳಲ್ಲಿ ಸಿಕ್ಕಿವೆ. ಅವು ನೆಂಟರು. ಮುಂಗಾರಿಗೆ ಬಿತ್ತಿ ಹಿಂಗಾರಿಗೆ ಮೊದಲೇ ಕೊಯ್ಯುವ ಪದ್ಧತಿಯನ್ನು, ಒಣನೆಲಕ್ಕೆ ಒಗ್ಗುವ ಧಾನ್ಯದ ಜೊತೆ ಬೇಳೆಕಾಳು ಸೇರಿಸುವ ಊಟದ ಲೆಕ್ಕವನ್ನು ಇಲ್ಲಿನವರು ಇಲ್ಲಿಯ ಹುಲ್ಲು ಬಳ್ಳಿಗಳಿಂದಲೇ ಕಟ್ಟಿಕೊಂಡರು. ರಾಮನವಮಿಯ ಹೆಸರುಬೇಳೆ ಕೋಸಂಬರಿ, ಚಳಿಗಾಲದ ಹುರುಳಿ ಸಾರು ಇವೆರಡರ ಕಾಳೂ ಆ ಒಲೆಗಳ ಬೂದಿಯಲ್ಲಿವೆ.

ರಾಗಿಯ ಅಭಿಮಾನಿಗಳಿಗೆ ಇಲ್ಲಿ ಸ್ವಲ್ಪ ನಿರಾಸೆಯಾಗಬಹುದು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ನಾಗರಾಜರಾವ್ ಅಗೆದಾಗ ಸಿಕ್ಕ ಕಾಳನ್ನು ರಾಗಿ ಎಂದು ಗುರುತಿಸಲಾಗಿತ್ತು, ಪಠ್ಯಗಳಲ್ಲೂ ಅದು ಸೇರಿತು. ಫುಲ್ಲರ್ ನಡೆಸಿದ ಮರುಪರಿಶೀಲನೆ ಆ ಹಳೆಯ ಗುರುತನ್ನು ಪ್ರಶ್ನಿಸಿತು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಅದು ನಮ್ಮ ಹೊಲಕ್ಕೆ ಬಂದದ್ದು ಕೊರಲೆ, ಹುರುಳಿಗಳ ಎಷ್ಟೋ ಕಾಲದ ಮೇಲೆ. ಸಜ್ಜೆಯೂ ಆಫ್ರಿಕದ್ದು. ಡಿಸೆಂಬರ್, ಜನವರಿಯಲ್ಲಿ ದಕ್ಷಿಣ ಬೆಂಗಳೂರಿನ ಮನೆಮನೆಯಲ್ಲೂ ಹಿತುಕಿ ಸಾರು ಮಾಡುವ ಅವರೆಯ ಮೂಲವೂ ಅಲ್ಲೇ. ಆದರೆ ಅದು ಕ್ರಿ.ಪೂ. 2ನೇ ಸಹಸ್ರಮಾನದಲ್ಲೇ ಇಲ್ಲಿನ ನೆಲೆಗಳಲ್ಲಿ ಕಾಣಿಸಿಕೊಂಡಿದೆ. ಕಡಲಾಚೆಯ ಬೆಳೆಯನ್ನು ತಮ್ಮ ಹೊಲಕ್ಕೆ ಸೇರಿಸಿಕೊಳ್ಳಲು ಆ ರೈತರು ಹಿಂಜರಿಯಲಿಲ್ಲ.

ಬೆಂಗಳೂರಿನ ನೆಲ ಇದರಿಂದ ಹೊರಗಿತ್ತೇ? 1940ರ ದಶಕದಲ್ಲಿ ಜಾಲಹಳ್ಳಿಯ ಬಳಿ ಕೆ.ಆರ್.ಯು. ಟಾಡ್ ಸೂಕ್ಷ್ಮಶಿಲಾ ಉಪಕರಣಗಳನ್ನು ಆರಿಸಿದ. ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಶೇಷಾದ್ರಿ ಬೃಹತ್‌ಶಿಲಾ ಸಮಾಧಿಗಳನ್ನು ಅಗೆದರು. ಚಿಕ್ಕಜಾಲದ ಕಲ್ಲುಗೋರಿಗಳು, ಸಾವನದುರ್ಗದ ಸುತ್ತಲಿನವು ಹಿಂದಿನಿಂದಲೂ ಗೊತ್ತಿರುವವು. ಪೂರ್ವಕ್ಕೆ ಕೋಲಾರ ಜಿಲ್ಲೆಯ ಬನಹಳ್ಳಿಯಲ್ಲಿ ನವಶಿಲಾಯುಗದ ಪದರವೇ ಸಿಕ್ಕಿದೆ. ಆದರೆ ಕತ್ರಿಗುಪ್ಪೆ, ಇಟ್ಟಮಡು, ಹೊಸಕೆರೆಹಳ್ಳಿಯಂಥ ಊರುಗಳ ಹೊಲಗದ್ದೆಗಳು ಬಡಾವಣೆಯಾದಾಗ ಮಣ್ಣನ್ನು ಪುರಾತತ್ವದ ಕಣ್ಣಿನಿಂದ ನೋಡಬೇಕೆಂಬ ನಿಯಮವೇ ಇರಲಿಲ್ಲ. ಈಗಲೂ ಇಲ್ಲ. ಒಂದು ಮನೆಯ ಪಾಯಕ್ಕೆ ಹತ್ತು ಅಡಿ ತೋಡುತ್ತಾರೆ, ಲಾರಿ ಬಂದು ಮಣ್ಣು ತುಂಬಿಕೊಂಡು ಹೋಗುತ್ತದೆ.

ನನ್ನ ಸಂಕಟ ಇರುವುದು ಇಲ್ಲೇ. ದೇವಸ್ಥಾನ, ಕೋಟೆ, ಶಾಸನ ಕಂಡರೆ ಇದು ಹಳೆಯದು, ಮುಟ್ಟಬಾರದು ಎಂದು ನಮ್ಮ ಜನಕ್ಕೆ ತಕ್ಷಣ ತಿಳಿಯುತ್ತದೆ. ಮೊದಲ ರೈತರು ಬಿಟ್ಟುಹೋದದ್ದು ಮಾತ್ರ ಕಸ: ಸಗಣಿಯ ಬೂದಿ, ಕಲ್ಲಿನ ಚಕ್ಕೆ, ಒಡೆದ ಮಡಕೆ, ಸೀದ ಕಾಳು, ಮೂಳೆ. ಅದರ ಬೆಲೆ ಇರುವುದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದರಲ್ಲಿ. ಕೆದಕಿದ ಕೂಡಲೇ ಆ ಬೆಲೆ ಹೋಯಿತು. ಬೂದಿದಿಬ್ಬಗಳಿಂದ ಗಾಡಿಗಟ್ಟಲೆ ಬೂದಿ ಹೊಲಕ್ಕೆ ಗೊಬ್ಬರವಾಗಿ ಹೋಗಿದೆ, ರಸ್ತೆಗೆ ಜಾಗ ಬಿಡಲು ದಿಬ್ಬಗಳ ಮಗ್ಗುಲು ಕತ್ತರಿಸಲಾಗಿದೆ. ಕಪ್ಪಗಲ್ಲಿನಲ್ಲಿ ಎತ್ತಿನ ಚಿತ್ರಗಳಿದ್ದ ಗುಡ್ಡದ ಒಂದು ಭಾಗವನ್ನು ಕಲ್ಲುಗಣಿಗಾರಿಕೆ ತಿಂದಿದೆ. ಹೊಲಕ್ಕೆ ಬೂದಿ ಒಯ್ದ ರೈತನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಸಿಕ್ಕಿದ್ದು ಏನೆಂದು ಅವನಿಗೆ ಯಾರೂ ಹೇಳಿಲ್ಲ. ಗುಡ್ಡಕ್ಕೆ ಸಿಡಿಮದ್ದಿಡಲು ಕಾಗದಪತ್ರ ಮಾಡಿಕೊಟ್ಟವರ ಮಾತು ಬೇರೆ.

1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡೂ ಘೋಷಿತ ಸ್ಮಾರಕಗಳನ್ನು ಕಾಯುತ್ತವೆ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಪಟ್ಟಿಯಲ್ಲಿ ಸೇರದ ಬೂದಿದಿಬ್ಬಕ್ಕೆ ಇದರಿಂದ ಏನೂ ಇಲ್ಲ. ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ದಾಖಲಾದ ದಿಬ್ಬಗಳ, ಕೊಡಲಿ ನೆಲೆಗಳ ಸರ್ವೆ ನಂಬರುಗಳನ್ನು ಪಹಣಿಯಲ್ಲೇ ನಮೂದಿಸಿದರೆ ಜಮೀನು ಕೈ ಬದಲಾದಾಗ, ಗಣಿಗೆ ಅರ್ಜಿ ಬಂದಾಗ ತಹಶೀಲ್ದಾರ್ ಕಚೇರಿಯಲ್ಲೇ ಅದು ಎದ್ದು ಕಾಣುತ್ತದೆ. ಕಲ್ಲುಗಣಿಗೆ ಒಪ್ಪಿಗೆ ಕೊಡುವ ಮುನ್ನ ಪುರಾತತ್ವ ಇಲಾಖೆಯವರು ಜಾಗ ನೋಡಿ ಬರೆದುಕೊಡುವುದು ಕಡ್ಡಾಯವಾಗಬೇಕು. ಬೆಂಗಳೂರಿನ ಅಂಚಿನಲ್ಲಿ ಹೊಸ ಬಡಾವಣೆ ಎದ್ದಾಗಲೂ ಇದೇ ನಿಯಮ ಬರಲಿ.

ಬಳ್ಳಾರಿಯಲ್ಲಿ ಫೂಟ್ ಹೆಸರಿನ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯವಿದೆ. ಕೋರಿಶೆಟ್ಟರ್ ಅವರ ಮುತುವರ್ಜಿಯಿಂದ ರೂಪುಗೊಂಡದ್ದು. ಹಂಪಿಗೆ ಹೊರಟ ಬೆಂಗಳೂರಿಗರು ಅರ್ಧ ದಿನ ಮುಂಚೆ ಹೊರಟರೆ ಅದನ್ನು ನೋಡಿಕೊಂಡು, ಸಂಗನಕಲ್ಲಿನ ಗುಡ್ಡ ಹತ್ತಿ, ಕುಡತಿನಿಯ ದಿಬ್ಬದ ಬಳಿ ನಿಂತು ಮುಂದೆ ಹೋಗಬಹುದು. ಬಿಸಿಲಿಗೆ ಮುಂಚೆ ಹೋಗಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ನಾದಶಿಲೆಗಳನ್ನು ಬಡಿಯಬೇಡಿ. ಮಕ್ಕಳು ಕಪ್ಪು ಚಕ್ಕೆ ಎತ್ತಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರೆ. ನೋಡಿ ಮುಗಿದ ಮೇಲೆ ಅದನ್ನು ಎತ್ತಿದ ಜಾಗದಲ್ಲೇ ಇಡಿಸಿ. ಕೊಡಲಿಯನ್ನು ಎಲ್ಲಿ ಹೊಡೆದು ಮಾಡಿದರು, ಎಲ್ಲಿ ತಿಕ್ಕಿ ನುಣುಪು ಮಾಡಿದರು ಎಂದು ಸಂಶೋಧಕರು ಲೆಕ್ಕ ಹಾಕುವುದು ಆ ಚಕ್ಕೆ ಬಿದ್ದಿರುವ ಜಾಗದಿಂದಲೇ.